ಥಾಮಸ್ ಡ್ರಮಂಡ್

ಥಾಮಸ್ ಡ್ರಮಂಡ್ (ಅಕ್ಟೋಬರ್ 10, 1797 – ಏಪ್ರಿಲ್ 15, 1840) ಸ್ಕಾಟ್ಲೆಂಡ್ ಮೂಲದ ಸೇನಾ ಇಂಜಿನಿಯರ್, ಭೂಮಾಪಕ ಹಾಗೂ ಆಡಳಿತಗಾರ. ಸುಣ್ಣದ ತುಂಡನ್ನು ಕಾಯಿಸಿ ಪ್ರಖರವಾದ ಬೆಳಕನ್ನು ಪಡೆಯುವ ವಿಧಾನವನ್ನು ಭೂಮಾಪನದಲ್ಲಿ ಬಳಕೆಗೆ ತಂದವರೆಂದು ವಿಜ್ಞಾನದ ಚರಿತ್ರೆಯಲ್ಲಿ ಅವರು ಪ್ರಸಿದ್ಧರಾಗಿದ್ದಾರೆ. ಐರ್ಲೆಂಡಿನ ಜನರು ಅವರನ್ನು ನೆನೆಯುವುದು ಬೇರೆ ಕಾರಣಕ್ಕೆ. 1835ರಿಂದ 1840ರವರೆಗೆ ಡಬ್ಲಿನ್ ಕ್ಯಾಸಲ್‌ನಲ್ಲಿ ಅಧೀನ ಕಾರ್ಯದರ್ಶಿಯಾಗಿದ್ದ ಅವರು, ಸರ್ಕಾರಕ್ಕೆ ಬರುತ್ತಿದ್ದ ಅರ್ಜಿ, ಮನವಿ ಮತ್ತು ದೂರುಗಳನ್ನು ಅರ್ಜಿದಾರನ ಅಂತಸ್ತನ್ನು ನೋಡಿ ಇತ್ಯರ್ಥಪಡಿಸುವ ಹಳೆಯ ಪದ್ಧತಿಯನ್ನು ಬಿಟ್ಟು, ವಾಸ್ತವಾಂಶಗಳನ್ನು ಪರಿಶೀಲಿಸಿ ಉತ್ತರಿಸುವ ಕ್ರಮವನ್ನು ಅನುಸರಿಸಿದರು. ಟಿಪ್ಪರರಿ ಕೌಂಟಿಯ ಮ್ಯಾಜಿಸ್ಟ್ರೇಟರ ಮನವಿಗೆ 1838ರಲ್ಲಿ ಅವರ ಸಹಿಯೊಂದಿಗೆ ಹೋದ ಉತ್ತರವು ಆ ಶತಮಾನದ ಐರಿಷ್ ಆಡಳಿತದ ಅತ್ಯಂತ ಪ್ರಸಿದ್ಧ ಪತ್ರಗಳಲ್ಲೊಂದಾಗಿದೆ.

ಆರಂಭಿಕ ಜೀವನ

ಡ್ರಮಂಡ್ ಜನಿಸಿದ್ದು ಎಡಿನ್‌ಬರೋ ನಗರದಲ್ಲಿ. ಅವರು ಚಿಕ್ಕ ಮಗುವಾಗಿದ್ದಾಗಲೇ ತಂದೆ ತೀರಿಕೊಂಡರು. ತಾಯಿ ಮಕ್ಕಳೊಂದಿಗೆ ಸಮೀಪದ ಮಸಲ್‌ಬರೋ ಪಟ್ಟಣದಲ್ಲಿ ನೆಲೆಸಿದರು. ಅಲ್ಲಿ ಶಾಲಾ ವಿದ್ಯಾಭ್ಯಾಸ ಮುಗಿಸಿದ ಡ್ರಮಂಡ್ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಗಣಿತವನ್ನು ಅಭ್ಯಸಿಸಿ, 1813ರಲ್ಲಿ ವುಲ್ವಿಚ್‌ನ ಸೇನಾ ಅಕಾಡೆಮಿಯನ್ನು ಸೇರಿದರು. ಮುಂದೆ ರಾಯಲ್ ಇಂಜಿನಿಯರ್ಸ್ ದಳದಲ್ಲಿ ಅಧಿಕಾರಿಯಾದರು. ಯುದ್ಧಗಳು ಮುಗಿದಿದ್ದ ಆ ಕಾಲದಲ್ಲಿ ಸೇನೆಯಲ್ಲಿ ಬಡ್ತಿಯ ಅವಕಾಶ ಕಡಿಮೆಯಿದ್ದುದರಿಂದ ವಕೀಲಿ ವೃತ್ತಿಗೆ ಹೋಗುವ ಆಲೋಚನೆಯೂ ಅವರಿಗಿತ್ತು. ಭೂಮಾಪನ ಇಲಾಖೆಯ ಥಾಮಸ್ ಕೋಲ್ಬಿಯವರ ಪರಿಚಯವು ಆ ಆಲೋಚನೆಯನ್ನು ಬದಲಾಯಿಸಿತು. 1820ರಲ್ಲಿ ಡ್ರಮಂಡ್ ಅವರ ಕೈಕೆಳಗೆ ಕೆಲಸಕ್ಕೆ ಸೇರಿದರು.

ಭೂಮಾಪನ ಮತ್ತು ಸುಣ್ಣದ ಬೆಳಕು

ಲಂಡನ್ನಿನಲ್ಲಿದ್ದಾಗ ಡ್ರಮಂಡ್ ರಾಯಲ್ ಇನ್‌ಸ್ಟಿಟ್ಯೂಷನ್‌ನ ರಸಾಯನಶಾಸ್ತ್ರದ ಉಪನ್ಯಾಸಗಳಿಗೆ ಹೋಗುತ್ತಿದ್ದರು. ಆಮ್ಲಜನಕ ಮತ್ತು ಜಲಜನಕಗಳ ಜ್ವಾಲೆಯಲ್ಲಿ ಸುಣ್ಣವು ಬೆಳ್ಳಗೆ ಬೆಳಗುವುದನ್ನು ಗೋಲ್ಡ್ಸ್‌ವರ್ದಿ ಗರ್ನಿಯವರು ಆ ಮೊದಲೇ ತೋರಿಸಿದ್ದರು. ದೂರದ ಬೆಟ್ಟಗಳ ನಡುವೆ ಸಂಕೇತ ನೀಡಲು ಇದನ್ನು ಬಳಸಬಹುದೆಂದು ಕಂಡುಕೊಂಡು, ಅದಕ್ಕೆ ತಕ್ಕ ದೀಪವನ್ನು ರೂಪಿಸಿದವರು ಡ್ರಮಂಡ್. 1825ರಲ್ಲಿ ಐರ್ಲೆಂಡಿನ ಮೋಜಣಿ ನಡೆಯುತ್ತಿದ್ದಾಗ, ಬೆಲ್‌ಫಾಸ್ಟ್ ಸಮೀಪದ ಡಿವಿಸ್ ಬೆಟ್ಟದಲ್ಲಿದ್ದವರಿಗೆ ಡಾನಿಗಾಲ್‌ನ ಸ್ಲೀವ್ ಸ್ನಾಟ್ ಶಿಖರವು ಮಂಜಿನಿಂದಾಗಿ ವಾರಗಟ್ಟಲೆ ಕಾಣಿಸಿರಲಿಲ್ಲ. ಡ್ರಮಂಡ್ ಆ ಶಿಖರದ ಮೇಲೆ ಡೇರೆ ಹೂಡಿ ಬೆಳಗಿಸಿದ ದೀಪವು ಸುಮಾರು 66 ಮೈಲಿ ದೂರದಿಂದ ಸ್ಪಷ್ಟವಾಗಿ ಗೋಚರಿಸಿತು. ಚಳಿಗಾಲದ ಬಿರುಗಾಳಿಯಲ್ಲಿ ಕಳೆದ ಆ ದಿನಗಳು ಅವರ ಆರೋಗ್ಯವನ್ನು ಕೆಡಿಸಿದವು. ಇದೇ ದೀಪವು ಮುಂದೆ ರಂಗಮಂದಿರಗಳಿಗೆ ಪ್ರವೇಶಿಸಿ ಲೈಮ್‌ಲೈಟ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು.

ಲಾಫ್ ಫಾಯ್ಲ್ ದಡದಲ್ಲಿ 1827–28ರಲ್ಲಿ ಆಧಾರರೇಖೆಯನ್ನು ಅಳೆದ ತಂಡಕ್ಕೂ ಅವರು ಸೇರಿದ್ದರು. ಉಷ್ಣತೆ ಬದಲಾದರೂ ಉದ್ದ ವ್ಯತ್ಯಾಸವಾಗದಂತೆ ಕೋಲ್ಬಿಯವರು ರೂಪಿಸಿದ್ದ ಅಳತೆಯ ಸರಳುಗಳನ್ನು ಅಲ್ಲಿ ಬಳಸಲಾಯಿತು. ಐರ್ಲೆಂಡಿನ ಮೋಜಣಿಯನ್ನು ಕಂಡುಬಂದ ಜಾರ್ಜ್ ಎವರೆಸ್ಟ್ ಅಂತಹ ಸರಳುಗಳನ್ನು ಭಾರತಕ್ಕೆ ತಂದು ಇಲ್ಲಿನ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಯಲ್ಲಿ ಉಪಯೋಗಿಸಿದರು.

ರಾಜಕೀಯ ಆಡಳಿತಕ್ಕೆ ಪ್ರವೇಶ

1831–32ರಲ್ಲಿ ಬ್ರಿಟನ್ನಿನ ಸಂಸತ್ ಸುಧಾರಣಾ ಮಸೂದೆಗಾಗಿ ಕ್ಷೇತ್ರಗಳ ಗಡಿ ನಿರ್ಧರಿಸುವ ಆಯೋಗದ ಹೊಣೆ ಡ್ರಮಂಡ್ ಅವರಿಗೆ ದೊರೆಯಿತು. ಮನೆಗಳ ಸಂಖ್ಯೆ ಮತ್ತು ತೆರಿಗೆಯ ಮೊತ್ತ ಎರಡನ್ನೂ ಸೇರಿಸಿ ಲೆಕ್ಕ ಹಾಕಿ, ಯಾವ ಪಟ್ಟಣ ತನ್ನ ಸ್ಥಾನವನ್ನು ಕಳೆದುಕೊಳ್ಳಬೇಕೆಂಬ ಪಟ್ಟಿಯನ್ನು ಅವರು ಸಿದ್ಧಪಡಿಸಿದರು. ವಿರೋಧಿಗಳು ಈ ಲೆಕ್ಕವನ್ನು ಟೀಕಿಸಿದರೂ ಪಟ್ಟಿ ಉಳಿಯಿತು. ಬಳಿಕ ಅವರು ಹಣಕಾಸು ಸಚಿವ ಲಾರ್ಡ್ ಆಲ್ತಾರ್ಪ್ ಅವರ ಆಪ್ತ ಕಾರ್ಯದರ್ಶಿಯಾದರು. 1835ರ ಜುಲೈನಲ್ಲಿ ವಿಗ್ ಸರ್ಕಾರವು ಅವರನ್ನು ಐರ್ಲೆಂಡಿನ ಅಧೀನ ಕಾರ್ಯದರ್ಶಿಯಾಗಿ ನೇಮಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ಮರಾಯಾ ಕಿನೇರ್ಡ್ ಅವರೊಂದಿಗೆ ವಿವಾಹವಾಯಿತು. ದಂಪತಿಗಳಿಗೆ ಮೂವರು ಹೆಣ್ಣುಮಕ್ಕಳು.

ಡಬ್ಲಿನ್ ಕ್ಯಾಸಲ್‌ನ ಕಚೇರಿ

1801ರಲ್ಲಿ ಐರ್ಲೆಂಡಿನ ಸಂಸತ್ತು ರದ್ದಾಗಿ ಆ ದೇಶವು ಬ್ರಿಟನ್ನಿನೊಂದಿಗೆ ಒಂದಾದ ಮೇಲೂ ಡಬ್ಲಿನ್‌ನಲ್ಲಿ ಪ್ರತ್ಯೇಕ ಆಡಳಿತ ಮುಂದುವರಿಯಿತು. ರಾಜನ ಪ್ರತಿನಿಧಿಯಾಗಿ ಲಾರ್ಡ್ ಲೆಫ್ಟಿನೆಂಟ್, ಅವರ ಕೆಳಗೆ ಮುಖ್ಯ ಕಾರ್ಯದರ್ಶಿ ಇರುತ್ತಿದ್ದರು. ಮುಖ್ಯ ಕಾರ್ಯದರ್ಶಿಯು ಸಂಸತ್ತಿನ ಸದಸ್ಯರೂ ಆಗಿದ್ದುದರಿಂದ ಅಧಿವೇಶನದ ತಿಂಗಳುಗಳನ್ನು ಲಂಡನ್ನಿನಲ್ಲೇ ಕಳೆಯುತ್ತಿದ್ದರು. ಹೀಗಾಗಿ ವರ್ಷವಿಡೀ ಕ್ಯಾಸಲ್‌ನಲ್ಲಿದ್ದು ಟಪಾಲನ್ನು ನೋಡುತ್ತಿದ್ದ ಅಧಿಕಾರಿ ಎಂದರೆ ಅಧೀನ ಕಾರ್ಯದರ್ಶಿ. 1812ರಿಂದ 1830ರವರೆಗೆ ಈ ಹುದ್ದೆಯಲ್ಲಿದ್ದ ವಿಲಿಯಂ ಗ್ರೆಗರಿಯವರು ಪ್ರೊಟೆಸ್ಟೆಂಟ್ ಭೂಮಾಲೀಕರ ಪ್ರಾಬಲ್ಯದ ಪರವಾಗಿದ್ದರು. ಅವರ ಅವಧಿಯಲ್ಲಿ ಬದಲಾದ ಮುಖ್ಯ ಕಾರ್ಯದರ್ಶಿಗಳು ಹಲವರು. ಹುದ್ದೆಯ ಹೆಸರಿನಲ್ಲಿ ಅಧೀನ ಎಂಬ ಮಾತಿದ್ದರೂ ಅಧಿಕಾರ ಎಲ್ಲಿತ್ತೆಂಬುದು ಇದರಿಂದ ತಿಳಿಯುತ್ತದೆ.

1818ರಿಂದ ಮುಖ್ಯ ಕಾರ್ಯದರ್ಶಿಯ ಕಚೇರಿಗೆ ಬಂದ ಪತ್ರಗಳಿಗೆ ಕ್ರಮಸಂಖ್ಯೆ ಕೊಟ್ಟು ದಾಖಲಿಸುವ ವ್ಯವಸ್ಥೆ ಇತ್ತು. ಬರುತ್ತಿದ್ದ ಕಾಗದಗಳು ಬಹು ವಿಧದವು. ಗಡೀಪಾರಿನ ಶಿಕ್ಷೆಗೆ ಗುರಿಯಾದ ಕೈದಿಯ ಹೆಂಡತಿ ಅಥವಾ ತಾಯಿ ಕರುಣೆ ಬೇಡಿ ಸಲ್ಲಿಸಿದ ಬಿನ್ನಹ, ಬರಗಾಲದಲ್ಲಿ ಕೆಲಸ ಮತ್ತು ಧಾನ್ಯ ಕೇಳಿದ ಊರಿನವರ ಮನವಿ, ಹುದ್ದೆ ಬೇಡುವ ಅರ್ಜಿ, ಹಿಂಸಾಚಾರದ ಬಗ್ಗೆ ಪೊಲೀಸರ ವರದಿ, ಸೈನ್ಯವನ್ನು ಕಳುಹಿಸಬೇಕೆಂಬ ಭೂಮಾಲೀಕರ ಒತ್ತಾಯ, ಎಲ್ಲವೂ ಒಂದೇ ಕಚೇರಿಗೆ ಸೇರುತ್ತಿದ್ದವು. ಬಡವರ ಅರ್ಜಿಗಳಿಗೂ ನಿಗದಿತ ಒಕ್ಕಣೆ ಇರುತ್ತಿತ್ತು: ಮೊದಲು ವಿನಯದ ಸಂಬೋಧನೆ, ಅನಂತರ ಕಷ್ಟದ ವಿವರ, ಕೊನೆಗೆ ಪ್ರಾರ್ಥನೆ. ಓದುಬರಹ ಬಾರದವರು ಬೇರೆಯವರಿಂದ ಬರೆಯಿಸಿ ತಮ್ಮ ಗುರುತನ್ನು ಹಾಕುತ್ತಿದ್ದರು. ಸ್ಥಳೀಯ ಪಾದ್ರಿ ಅಥವಾ ಮ್ಯಾಜಿಸ್ಟ್ರೇಟರ ಶಿಫಾರಸು ಇದ್ದರೆ ಅರ್ಜಿಗೆ ಬಲ ಬರುತ್ತಿತ್ತು. ಆದರೆ ಮ್ಯಾಜಿಸ್ಟ್ರೇಟರಲ್ಲಿ ಬಹುಪಾಲು ಭೂಮಾಲೀಕರೇ. ಗೇಣಿದಾರನು ಯಾರ ವಿರುದ್ಧ ದೂರಬೇಕಾಗಿತ್ತೋ ಅವರ ಅಭಿಪ್ರಾಯವನ್ನೇ ಸರ್ಕಾರ ಕೇಳುವ ಸಂದರ್ಭ ಇದರಿಂದ ಒದಗುತ್ತಿತ್ತು.

ಡ್ರಮಂಡ್ ಬಂದ ಮೇಲೆ ಈ ಸ್ಥಿತಿ ಬದಲಾಗತೊಡಗಿತು. ಲಾರ್ಡ್ ಲೆಫ್ಟಿನೆಂಟ್ ಮಲ್ಗ್ರೇವ್ ಮತ್ತು ಮುಖ್ಯ ಕಾರ್ಯದರ್ಶಿ ಮಾರ್ಪೆತ್ ಇಬ್ಬರೂ ಅವರಿಗೆ ಬೆಂಬಲವಾಗಿದ್ದರು. 1836ರ ಕಾಯಿದೆಯ ಮೂಲಕ ಕೌಂಟಿಗಳ ಪೊಲೀಸ್ ಪಡೆಗಳು ಒಬ್ಬ ಮುಖ್ಯಾಧಿಕಾರಿಯ ಕೆಳಗೆ ಒಂದಾದವು. ಪೇದೆಗಳ ನೇಮಕವು ಸ್ಥಳೀಯ ಮ್ಯಾಜಿಸ್ಟ್ರೇಟರ ಕೈತಪ್ಪಿ ಕೇಂದ್ರಕ್ಕೆ ಬಂತು. ಕ್ಯಾಥೊಲಿಕರನ್ನು ಹೆಚ್ಚಾಗಿ ಸೇರಿಸಿಕೊಳ್ಳಲಾಯಿತು. ಸಂಬಳ ಪಡೆಯುವ, ಊರಿನ ಭೂಮಾಲೀಕತ್ವದೊಂದಿಗೆ ಸಂಬಂಧವಿಲ್ಲದ ಮ್ಯಾಜಿಸ್ಟ್ರೇಟರನ್ನು ಜಿಲ್ಲೆಗಳಿಗೆ ಕಳುಹಿಸಲಾಯಿತು. ಇದರ ಪರಿಣಾಮವು ಪತ್ರವ್ಯವಹಾರದ ಮೇಲೂ ಆಯಿತು. ಒಂದೇ ಘಟನೆಯ ಬಗ್ಗೆ ಭೂಮಾಲೀಕನ ದೂರು ಒಂದು ಬಗೆಯಾಗಿ, ಪೊಲೀಸ್ ಅಧಿಕಾರಿಯ ವರದಿ ಇನ್ನೊಂದು ಬಗೆಯಾಗಿ ಕ್ಯಾಸಲ್‌ಗೆ ತಲುಪಿದಾಗ ಎರಡನ್ನೂ ಹೋಲಿಸಿ ನೋಡಲು ಸಾಧ್ಯವಾಯಿತು.

ದಶಾಂಶ ತೆರಿಗೆಯ ವಿಷಯದಲ್ಲಿ ಈ ಬದಲಾವಣೆ ಎದ್ದು ಕಂಡಿತು. ಕ್ಯಾಥೊಲಿಕ್ ರೈತರೂ ಪ್ರೊಟೆಸ್ಟೆಂಟ್ ಚರ್ಚಿಗೆ ಕೊಡಬೇಕಾಗಿದ್ದ ಈ ತೆರಿಗೆಯ ವಸೂಲಿಗೆ ಹಿಂದೆ ಸೈನಿಕರನ್ನು ಕಳುಹಿಸಲಾಗುತ್ತಿತ್ತು. 1834ರ ಡಿಸೆಂಬರ್‌ನಲ್ಲಿ ಕಾರ್ಕ್ ಕೌಂಟಿಯ ರಾತ್‌ಕಾರ್ಮಕ್ ಬಳಿ ಇಂತಹ ವಸೂಲಿಯ ಸಮಯದಲ್ಲಿ ಗುಂಡು ಹಾರಿಸಿ ಹಲವು ಹಳ್ಳಿಗರನ್ನು ಕೊಲ್ಲಲಾಗಿತ್ತು. ಡ್ರಮಂಡ್ ಅವರ ಕಾಲದಲ್ಲಿ ಪಡೆಗಳನ್ನು ಕೇಳಿ ಬಂದ ಅರ್ಜಿಗಳಿಗೆ ಸಿಕ್ಕ ಉತ್ತರ ಬೇರೆ. ಪೊಲೀಸರು ಇರುವುದು ಶಾಂತಿ ಕಾಪಾಡುವುದಕ್ಕೇ ಹೊರತು ಖಾಸಗಿ ಬಾಕಿಯ ವಸೂಲಿಗಲ್ಲ ಎಂಬುದು ಸರ್ಕಾರದ ನಿಲುವಾಯಿತು. ಜಾತ್ರೆಗಳಲ್ಲಿ ಬಣಗಳ ನಡುವೆ ನಡೆಯುತ್ತಿದ್ದ ದೊಣ್ಣೆಯ ಕಾಳಗಗಳನ್ನು ತಡೆಯಲು ಮಾತ್ರ ಅದೇ ಪೊಲೀಸರನ್ನು ಕಟ್ಟುನಿಟ್ಟಾಗಿ ಬಳಸಲಾಯಿತು.

ಪ್ರಬಲರಾದವರಿಗೆ ಪ್ರಶ್ನೆ ಹಾಕಲೂ ಅವರು ಹಿಂಜರಿಯಲಿಲ್ಲ. ಆರೆಂಜ್ ಸಂಘದ ಮುಖಂಡರೂ ಸಂಸತ್ ಸದಸ್ಯರೂ ಆಗಿದ್ದ ಕರ್ನಲ್ ವಿಲಿಯಂ ವರ್ನರ್ 1837ರ ಚುನಾವಣೆಯ ವೇಳೆ ಒಂದು ಔತಣದಲ್ಲಿ, 1795ರ ಡೈಮಂಡ್ ಕಾಳಗದ ನೆನಪಿಗೆ ಪಾನ ಮಾಡಿದ್ದರೆಂಬ ವರದಿ ಬಂತು. ಅದು ಆರ್ಮಾ ಕೌಂಟಿಯಲ್ಲಿ ಪ್ರೊಟೆಸ್ಟೆಂಟರಿಗೂ ಕ್ಯಾಥೊಲಿಕರಿಗೂ ನಡೆದ ಹೊಡೆದಾಟ. ಇದು ನಿಜವೇ ಎಂದು ಡ್ರಮಂಡ್ ಲಿಖಿತವಾಗಿ ವಿಚಾರಿಸಿದರು. ಪತ್ರವ್ಯವಹಾರದ ಕೊನೆಯಲ್ಲಿ ವರ್ನರ್ ತಮ್ಮ ಮ್ಯಾಜಿಸ್ಟ್ರೇಟ್ ಅಧಿಕಾರವನ್ನು ಕಳೆದುಕೊಂಡರು.

ಟಿಪ್ಪರರಿ ಮನವಿ ಮತ್ತು ಉತ್ತರ

1838ರ ಏಪ್ರಿಲ್‌ನಲ್ಲಿ ಟಿಪ್ಪರರಿ ಕೌಂಟಿಯಲ್ಲಿ ಆಸ್ಟಿನ್ ಕೂಪರ್ ಎಂಬುವರು ಗುಂಡಿಗೆ ಬಲಿಯಾದರು. ಜಮೀನಿನ ವ್ಯಾಜ್ಯಗಳಿಂದ ಹುಟ್ಟಿದ ಇಂತಹ ಹತ್ಯೆಗಳು ಆ ಕೌಂಟಿಗೆ ಹೊಸತಾಗಿರಲಿಲ್ಲ. ಅಲ್ಲಿನ ಮ್ಯಾಜಿಸ್ಟ್ರೇಟರು ಒಟ್ಟುಗೂಡಿ ಲಾರ್ಡ್ ಲೆಫ್ಟಿನೆಂಟರಿಗೆ ಮನವಿ ಸಲ್ಲಿಸಿದರು. ಜೀವಕ್ಕೂ ಆಸ್ತಿಗೂ ರಕ್ಷಣೆಯಿಲ್ಲವೆಂದೂ, ಈಗಿನ ಕಾನೂನು ಸಾಲದೆಂದೂ, ಇನ್ನೂ ಕಠಿಣವಾದ ಕ್ರಮಗಳು ಬೇಕೆಂದೂ ಅದರಲ್ಲಿ ಕೋರಲಾಗಿತ್ತು.

ಮೇ 22ರಂದು ಹೋದ ಉತ್ತರವನ್ನು ಕೌಂಟಿಯ ಪ್ರಮುಖರಾದ ಡಾನೊಮೋರ್ ಅರ್ಲ್ ಅವರ ಹೆಸರಿಗೆ ಬರೆಯಲಾಗಿತ್ತು. ಅರ್ಜಿದಾರರು ನಿರೀಕ್ಷಿಸಿದ್ದು ಸಾಂತ್ವನದ ಮಾತು ಮತ್ತು ಹೆಚ್ಚಿನ ಪಡೆ. ಅವರಿಗೆ ಬಂದದ್ದು ಲೆಕ್ಕಪತ್ರ. ಕೌಂಟಿಯಲ್ಲಿ ನಡೆದ ಮೊಕದ್ದಮೆಗಳನ್ನು ಪರಿಶೀಲಿಸಿದ ಪತ್ರವು, ಕಾನೂನು ನಿಷ್ಫಲವಾಗಿದೆ ಎಂಬ ವಾದವನ್ನು ಅಂಕಿಅಂಶಗಳಿಂದ ಎದುರಿಸಿತು. ಅನಂತರ ಅಪರಾಧಗಳ ಮೂಲಕ್ಕೆ ಇಳಿಯಿತು. ಗೇಣಿದಾರರನ್ನು ಒಕ್ಕಲೆಬ್ಬಿಸುವ ಪ್ರಕರಣಗಳು ಹಿಂದಿನ ಕೆಲವು ವರ್ಷಗಳಿಗಿಂತ ಬಹಳ ಹೆಚ್ಚಾಗಿದ್ದುದನ್ನು ತೋರಿಸಿ, ಹಿಂಸೆಗೂ ಇದಕ್ಕೂ ಇರುವ ಸಂಬಂಧವನ್ನು ಮುಂದಿಟ್ಟಿತು. ಜಮೀನಿನ ಒಡೆತನದೊಂದಿಗೆ ಹಕ್ಕುಗಳಷ್ಟೇ ಅಲ್ಲ, ಹೊಣೆಗಳೂ ಬರುತ್ತವೆ. ಆ ಹೊಣೆಗಳನ್ನು ಮರೆತದ್ದೇ ಸಮಾಜದ ಇಂದಿನ ದುಃಸ್ಥಿತಿಗೆ ಬಹುಮಟ್ಟಿಗೆ ಕಾರಣ ಎಂಬುದು ಅದರ ಸಾರ. ಈ ಭಾವದ ಒಂದು ವಾಕ್ಯವು ಮುಂದೆ ಗಾದೆಯಂತೆ ಜನಜನಿತವಾಯಿತು.

ಡಾನೊಮೋರ್ ಆ ಪತ್ರವನ್ನು ಕೂಡಲೇ ಬಹಿರಂಗಪಡಿಸಲಿಲ್ಲ. ಅದು ಸಂಸತ್ತಿನ ಮುಂದೆ ಬಂದಾಗ ಭೂಮಾಲೀಕರು ಕೆರಳಿದರು. ಕೊಲೆಗಡುಕರಿಗೆ ಸರ್ಕಾರವೇ ನೆಪ ಒದಗಿಸಿತೆಂದು ಆರೋಪಿಸಿದರು. ಪತ್ರದ ಕರಡನ್ನು ಬರೆದವರು ಯಾರೆಂಬ ಚರ್ಚೆಯೂ ನಡೆಯಿತು. ಅದೇನೇ ಇದ್ದರೂ ಸಹಿ ಡ್ರಮಂಡ್ ಅವರದು, ಟೀಕೆಗೆ ಗುರಿಯಾದವರೂ ಅವರೇ. ಪತ್ರಕ್ಕಿದ್ದ ಮಿತಿಯನ್ನೂ ಇಲ್ಲಿ ಹೇಳಬೇಕು. ಗೇಣಿದಾರನನ್ನು ಒಕ್ಕಲೆಬ್ಬಿಸುವುದು ಕಾನೂನುಬದ್ಧವಾಗಿತ್ತು. ಅದನ್ನು ತಡೆಯುವ ಅಧಿಕಾರ ಕ್ಯಾಸಲ್‌ಗೆ ಇರಲಿಲ್ಲ, ಉತ್ತರದಿಂದ ಒಂದು ಗುಡಿಸಲೂ ಉಳಿಯಲಿಲ್ಲ. ಆದರೆ ಭೂಮಾಲೀಕರ ವರ್ತನೆಯೇ ತನಿಖೆಗೆ ಅರ್ಹವಾದ ವಿಷಯವೆಂದು ಸರ್ಕಾರಿ ಕಾಗದದ ಮೇಲೆ ಬರೆದದ್ದು ಸಣ್ಣ ಸಂಗತಿಯಲ್ಲ.

ರೈಲ್ವೆ ಆಯೋಗ

1836ರಲ್ಲಿ ನೇಮಕವಾದ ಐರಿಷ್ ರೈಲ್ವೆ ಆಯೋಗದಲ್ಲಿ ಡ್ರಮಂಡ್ ಅವರೊಂದಿಗೆ ಜಾನ್ ಬರ್ಗಾಯ್ನ್, ಪೀಟರ್ ಬಾರ್ಲೋ ಮತ್ತು ರಿಚರ್ಡ್ ಗ್ರಿಫಿತ್ ಇದ್ದರು. 1838ರ ಅಂತಿಮ ವರದಿಯು ಹಳಿಗಳ ಮಾರ್ಗವನ್ನಷ್ಟೇ ಸೂಚಿಸದೆ ದೇಶದ ಬಡತನವನ್ನೂ ವಿವರಿಸಿ, ಸರ್ಕಾರದ ನೆರವಿನಿಂದ ರೈಲುಮಾರ್ಗ ನಿರ್ಮಿಸಿದರೆ ಕೂಲಿಗಾರರಿಗೆ ಉದ್ಯೋಗ ದೊರೆಯುವುದೆಂದು ವಾದಿಸಿತು. ಹೆನ್ರಿ ಹಾರ್ನೆಸ್ ಸಿದ್ಧಪಡಿಸಿದ, ಪ್ರಯಾಣಿಕರ ಮತ್ತು ಸರಕಿನ ಸಂಚಾರವನ್ನು ಗೆರೆಗಳ ದಪ್ಪದಿಂದ ತೋರಿಸುವ ನಕಾಶೆಗಳು ಈ ವರದಿಯ ಭಾಗವಾಗಿದ್ದು, ನಕಾಶೆ ಶಾಸ್ತ್ರದ ಚರಿತ್ರೆಯಲ್ಲಿ ಅವುಗಳಿಗೆ ವಿಶೇಷ ಸ್ಥಾನವಿದೆ. ಸರ್ಕಾರಿ ನೆರವಿನ ಯೋಜನೆ ಮಾತ್ರ ಕೈಗೂಡಲಿಲ್ಲ.

ಟೀಕೆಗಳು ಮತ್ತು ಕೊನೆಯ ದಿನಗಳು

1839ರಲ್ಲಿ ಲಾರ್ಡ್ಸ್ ಸಭೆಯು 1835ರಿಂದೀಚೆಗೆ ಐರ್ಲೆಂಡಿನಲ್ಲಿ ನಡೆದ ಅಪರಾಧಗಳ ವಿಚಾರಣೆಗೆ ಸಮಿತಿಯೊಂದನ್ನು ರಚಿಸಿತು. ಹೆಸರಿಗೆ ಅಪರಾಧದ ವಿಚಾರಣೆಯಾದರೂ ಅದು ಡ್ರಮಂಡ್ ಆಡಳಿತದ ಮೇಲಿನ ವಿಚಾರಣೆಯೇ ಆಗಿತ್ತು. ಕ್ಯಾಸಲ್‌ನ ವರದಿಗಳು ಮತ್ತು ಅಂಕಿಗಳನ್ನು ಹಿಡಿದು ಅವರು ಹಲವು ದಿನ ಸಾಕ್ಷ್ಯ ನುಡಿದರು. ಕೈದಿಗಳ ಬಿನ್ನಹಗಳನ್ನು ಮನ್ನಿಸಿ ಮಲ್ಗ್ರೇವ್ ಉದಾರವಾಗಿ ಶಿಕ್ಷೆ ಕಡಿತಗೊಳಿಸಿದ್ದೂ ಅದೇ ವರ್ಷ ಲಾರ್ಡ್ಸ್ ಸಭೆಯಲ್ಲಿ ಖಂಡನೆಗೆ ಒಳಗಾಯಿತು. ನ್ಯಾಯಾಧೀಶರ ಅಭಿಪ್ರಾಯವನ್ನು ಸರಿಯಾಗಿ ಕೇಳದೆ ಬಿಡುಗಡೆ ಮಾಡಿದರೆಂಬ ಆ ಆಕ್ಷೇಪವನ್ನು ಕೇವಲ ಪಕ್ಷದ್ವೇಷವೆಂದು ತಳ್ಳಿಹಾಕುವಂತಿಲ್ಲ.

ಬೆಳಗಿನಿಂದ ರಾತ್ರಿಯವರೆಗೆ ಕಡತಗಳ ನಡುವೆ ಕಳೆದ ಐದು ವರ್ಷಗಳಲ್ಲಿ, ಮೊದಲೇ ಕುಗ್ಗಿದ್ದ ಅವರ ದೇಹ ಸಂಪೂರ್ಣವಾಗಿ ಬಳಲಿತು. ಅಲ್ಪಕಾಲದ ಕಾಯಿಲೆಯ ನಂತರ 1840ರ ಏಪ್ರಿಲ್ 15ರಂದು ಡಬ್ಲಿನ್‌ನಲ್ಲಿ ನಿಧನರಾದಾಗ ಅವರಿಗೆ 42 ವರ್ಷ. ಅವರ ಇಚ್ಛೆಯಂತೆ ಐರ್ಲೆಂಡಿನ ಮಣ್ಣಿನಲ್ಲೇ, ಡಬ್ಲಿನ್‌ನ ಮೌಂಟ್ ಜೆರೋಮ್ ಸ್ಮಶಾನದಲ್ಲಿ ಅವರನ್ನು ಸಮಾಧಿ ಮಾಡಲಾಯಿತು. ಶಿಲ್ಪಿ ಜಾನ್ ಹೋಗನ್ ಕೆತ್ತಿದ ಅವರ ಪ್ರತಿಮೆ ಡಬ್ಲಿನ್‌ನ ಸಿಟಿ ಹಾಲ್‌ನಲ್ಲಿದೆ.

ದಾಖಲೆಗಳು

1922ರ ಅಂತರ್ಯುದ್ಧದಲ್ಲಿ ಡಬ್ಲಿನ್‌ನ ಫೋರ್ ಕೋರ್ಟ್ಸ್ ಕಟ್ಟಡದ ದಫ್ತರಖಾನೆ ಸುಟ್ಟು ಶತಮಾನಗಳ ದಾಖಲೆಗಳು ನಾಶವಾದವು. ಮುಖ್ಯ ಕಾರ್ಯದರ್ಶಿ ಕಚೇರಿಯ ಕಾಗದಗಳು ಡಬ್ಲಿನ್ ಕ್ಯಾಸಲ್‌ನಲ್ಲೇ ಇದ್ದುದರಿಂದ ಉಳಿದುಕೊಂಡವು. ಈಗ ಅವು ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಗಡೀಪಾರಾದ ಕೈದಿಗಳ ಬಿನ್ನಹಗಳನ್ನು ಒಳಗೊಂಡ ದಾಖಲೆಗಳ ಪ್ರತಿಗಳನ್ನು ಐರಿಷ್ ಸರ್ಕಾರವು 1988ರಲ್ಲಿ ಆಸ್ಟ್ರೇಲಿಯಾಕ್ಕೆ ಉಡುಗೊರೆಯಾಗಿ ನೀಡಿತು. ತಮ್ಮ ಪೂರ್ವಜರನ್ನು ಹುಡುಕುವ ಆಸ್ಟ್ರೇಲಿಯನ್ನರು ಇಂದಿಗೂ ಅವುಗಳನ್ನು ಬಳಸುತ್ತಿದ್ದಾರೆ.