ಕ್ಯಾಮೆರಾದ ಹೊರೆ ಇಳಿಸಿದ ಜಾರ್ಜ್ ಈಸ್ಟ್‌ಮನ್

 

ಹೋದ ವರ್ಷ ನಾವು ಶ್ರವಣಬೆಳಗೊಳಕ್ಕೆ ಪ್ರವಾಸ ಹೋಗಿದ್ದು ನಿಮಗೆಲ್ಲ ನೆನಪಿರಬಹುದು. ಆಗ ನಾನು ನಮ್ಮ ಸೋದರಮಾವನ ಸ್ಟುಡಿಯೋದಿಂದ ದೊಡ್ಡ ಕ್ಯಾಮೆರಾ ತಂದಿದ್ದೆ. ಎರಡು ಲೆನ್ಸು, ಫ್ಲ್ಯಾಷು, ಮೂರು ಕಾಲಿನ ಸ್ಟ್ಯಾಂಡು ಎಲ್ಲಾ ಸೇರಿ ಒಂದು ದೊಡ್ಡ ಚೀಲ. ಬಸ್ಸಿನಲ್ಲಿ ಎಲ್ಲರೂ ನನ್ನ ಕಡೆಯೇ ನೋಡ್ತಿದ್ರು, ನನಗೂ ಜಂಬ. ಆದರೆ ವಿಂಧ್ಯಗಿರಿಯ ಬುಡದಲ್ಲಿ ನಿಂತು ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ನೋಡಿದ ಕೂಡಲೇ ಜಂಬ ಇಳಿದುಹೋಯ್ತು. ಚೀಲವನ್ನು ಬಸ್ಸಿನಲ್ಲೇ ಬಿಟ್ಟು ಬರಿಗೈಲಿ ಹತ್ತಿದೆ.

ಆ ವರ್ಷ ನಿವೃತ್ತರಾಗಲಿದ್ದ ನಮ್ಮ ಕನ್ನಡ ಮೇಷ್ಟ್ರು ಮಂಡಿನೋವಿದ್ದರೂ ನಮ್ಮ ಜೊತೆ ಮೇಲಿನವರೆಗೂ ಬಂದರು. ಗೊಮ್ಮಟನ ಎದುರಿಗೆ ನಮ್ಮನ್ನೆಲ್ಲ ಕೂರಿಸಿಕೊಂಡು ಚಾವುಂಡರಾಯನ ಕಥೆ ಹೇಳಿದರು. ಅದರ ಒಂದು ಫೋಟೋನೂ ನಮ್ಮ ಹತ್ತಿರ ಇಲ್ಲ. ಬೀಳ್ಕೊಡುಗೆ ದಿನ ಫ್ರೇಮು ಹಾಕಿಸಿ ಕೊಡೋಣ ಅಂತ ಹುಡುಕಿದರೆ ಸಿಕ್ಕಿದ್ದು ಬಸ್ಸಿನ ಬಾಗಿಲಲ್ಲಿ ಅವರ ಅರ್ಧ ಮುಖ ಕಾಣೋ ಫೋಟೋ ಒಂದೇ. ಈ ತಪ್ಪು ನನ್ನದೇ ಅಂತ ಇಲ್ಲಿ ಎಲ್ಲರ ಎದುರಿಗೆ ಒಪ್ಪಿಕೊಳ್ತೀನಿ.

ಈ ವರ್ಷ ಚಿತ್ರದುರ್ಗದ ಕೋಟೆಗೆ ಹೋಗುವುದೆಂದು ತೀರ್ಮಾನವಾಗಿದೆ. ಯಾವ ಕ್ಯಾಮೆರಾ ತಗೊಂಡು ಹೋಗೋದು ಅಂತ ನಮ್ಮ ತರಗತಿಯಲ್ಲಿ ದೊಡ್ಡ ವಾದವೇ ನಡೆಯಿತು. ಮಾವನ ದೊಡ್ಡ ಕ್ಯಾಮೆರಾನೇ ಬೇಕು ಅಂತ ಒಂದು ಗುಂಪು. ವಿಜ್ಞಾನದ ಮೇಡಂ ಹತ್ತಿರ ಇರುವ, ಜೇಬಿನಲ್ಲಿ ಹಿಡಿಸುವ ಚಿಕ್ಕ ಕ್ಯಾಮೆರಾ ಸಾಕು ಅಂತ ಇನ್ನೊಂದು ಗುಂಪು. ಮೇಡಂ ಯಾರ ಪರವಾಗಿಯೂ ಮಾತಾಡಲಿಲ್ಲ. ಜಾರ್ಜ್ ಈಸ್ಟ್‌ಮನ್ ಎಂಬುವರ ಜೀವನ ಓದಿಕೊಂಡು ಬಾ, ಆಮೇಲೆ ನೀನೇ ಹೇಳು ಅಂತ ನನಗೆ ಒಂದು ಪುಸ್ತಕ ಕೊಟ್ಟರು.

ಮನೆಗೆ ಹೋಗಿ ಈ ಹೆಸರು ಹೇಳಿದರೆ ನಮ್ಮ ತಾತನಿಗೆ ಮೊದಲೇ ಗೊತ್ತಿತ್ತು! ಅವರ ಕಾಲದಲ್ಲಿ ಟೆಂಟ್ ಸಿನಿಮಾದ ಪೋಸ್ಟರ್‌ಗಳ ಮೇಲೆ ಈಸ್ಟ್‌ಮನ್ ಕಲರ್ ಅಂತ ದಪ್ಪಕ್ಷರದಲ್ಲಿ ಬರೀತಿದ್ರಂತೆ. ಅದು ಬಣ್ಣದ ಹೆಸರು ಅಂತ ತಾತ ಇಷ್ಟು ವರ್ಷ ತಿಳಿದುಕೊಂಡಿದ್ದರು. ಅದು ಒಬ್ಬ ಮನುಷ್ಯನ ಹೆಸರು. ಅವರು ಕಟ್ಟಿದ ಕಂಪನಿ ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ತಯಾರಿಸಿದ ಬಣ್ಣದ ಫಿಲಂಗೆ ಆ ಹೆಸರಿಟ್ಟಿತ್ತು. ಅವರ ಕಥೆಯನ್ನು ನಾನು ತಿಳಿದುಕೊಂಡಷ್ಟು ಹೇಳುತ್ತೇನೆ.

ಜಾರ್ಜ್ ಈಸ್ಟ್‌ಮನ್ ಅಮೆರಿಕ ದೇಶದ ನ್ಯೂಯಾರ್ಕ್ ರಾಜ್ಯದ ವಾಟರ್‌ವಿಲ್ ಎಂಬ ಊರಿನಲ್ಲಿ 1854ರ ಜುಲೈ 12ರಂದು ಹುಟ್ಟಿದರು. ಆಮೇಲೆ ಸಂಸಾರ ರಾಚೆಸ್ಟರ್ ಎಂಬ ಪಟ್ಟಣಕ್ಕೆ ಬಂತು. 1862ರಲ್ಲಿ ತಂದೆ ತೀರಿಕೊಂಡಾಗ ಹುಡುಗನಿಗೆ ಇನ್ನೂ ಎಂಟು ತುಂಬಿರಲಿಲ್ಲ. ತಾಯಿ ಮರಿಯಾ ಮನೆಯಲ್ಲಿ ಬಾಡಿಗೆಗೆ ಜನರನ್ನು ಇಟ್ಟುಕೊಂಡು, ಅವರಿಗೆ ಅಡಿಗೆ ಮಾಡಿ ಹಾಕಿ ಮಕ್ಕಳನ್ನು ಸಾಕಿದರು. ಇಬ್ಬರು ಅಕ್ಕಂದಿರಲ್ಲಿ ಒಬ್ಬಾಕೆಗೆ ಪೋಲಿಯೋ. ಆಕೆ 1870ರಲ್ಲಿ ತೀರಿಕೊಂಡರು. ಮನೆ ನಡೆಯಬೇಕಲ್ಲ, ಹುಡುಗ ಜಾರ್ಜ್ ಹದಿನಾಲ್ಕನೇ ವಯಸ್ಸಿಗೆ ಶಾಲೆ ಬಿಟ್ಟ. ಅಂದರೆ ನಮ್ಮ ವಯಸ್ಸಿನಲ್ಲೇ! ಒಂದು ವಿಮಾ ಕಚೇರಿಯಲ್ಲಿ ಆಳಾಗಿ ಸೇರಿದ. ವಾರಕ್ಕೆ 3 ಡಾಲರ್ ಸಂಬಳ. ಸಂಜೆ ಮನೆಯಲ್ಲಿ ಲೆಕ್ಕಪತ್ರ ಬರೆಯುವುದನ್ನು ತಾನೇ ಕಲಿತ. 1874ರಲ್ಲಿ ರಾಚೆಸ್ಟರ್‌ನ ಒಂದು ಬ್ಯಾಂಕಿನಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ವಾರಕ್ಕೆ 15 ಡಾಲರ್.

ಈಗ ಬರೋದೇ ಮುಖ್ಯವಾದ ಸಂಗತಿ. 1877ರಲ್ಲಿ ಈಸ್ಟ್‌ಮನ್ ಅವರಿಗೆ ರಜೆಯಲ್ಲಿ ಸಾಂಟೋ ಡೊಮಿಂಗೋ ಎಂಬ ಕಡಲಾಚೆಯ ಊರಿಗೆ ಹೋಗಬೇಕು ಅಂತ ಆಸೆ ಆಯಿತು. ಹೋದವನು ಫೋಟೋ ತೆಗೆದುಕೊಂಡು ಬಾ ಅಂತ ಜೊತೆಯ ನೌಕರರೊಬ್ಬರು ಸಲಹೆ ಕೊಟ್ಟರು. ಸರಿ ಅಂತ ಸುಮಾರು 94 ಡಾಲರ್ ಖರ್ಚು ಮಾಡಿ ಸಾಮಾನು ಕೊಂಡರು. ಅದನ್ನು ಬಳಸೋದು ಕಲಿಯಲು ಒಬ್ಬ ಫೋಟೋಗ್ರಾಫರ್‌ಗೆ 5 ಡಾಲರ್ ಫೀಸು ಕೊಟ್ಟರು.

ಆ ಸಾಮಾನು ಎಷ್ಟಿತ್ತು ಅಂತ ಕೇಳಿದರೆ ನಿಮಗೆ ನಗು ಬರುತ್ತೆ. ಸಾಬೂನಿನ ದೊಡ್ಡ ಪೆಟ್ಟಿಗೆಯಷ್ಟಿದ್ದ ಕ್ಯಾಮೆರಾ. ಅದನ್ನು ಹೊರುವಂಥ ಗಟ್ಟಿ ಮುಕ್ಕಾಲಿ. ಗಾಜಿನ ಹಲಗೆಗಳು, ಔಷಧಿ ಶೀಸೆಗಳು, ತೊಟ್ಟಿ, ನೀರಿನ ಪಾತ್ರೆ. ಇದೆಲ್ಲದರ ಮೇಲೆ ಒಂದು ಕಪ್ಪು ಡೇರೆ ಬೇರೆ! ಡೇರೆ ಯಾಕೆ ಅಂದರೆ, ಆಗ ಫೋಟೋ ತೆಗೆಯುತ್ತಿದ್ದದ್ದು ಒದ್ದೆ ಗಾಜಿನ ಮೇಲೆ. ಗಾಜಿಗೆ ಅಂಟಿನಂಥ ದ್ರವ ಸವರಿ, ಕತ್ತಲಲ್ಲಿ ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಿ, ಅದು ಒಣಗುವುದರೊಳಗೆ ಕ್ಯಾಮೆರಾಗೆ ಇಟ್ಟು ಫೋಟೋ ತೆಗೆದು, ಮತ್ತೆ ಓಡಿಬಂದು ಡೇರೆಯೊಳಗೆ ತೊಳೆಯಬೇಕು. ಒಂದು ಫೋಟೋಗೆ ಇಷ್ಟು ಪಾಡು.

ಕಡೆಗೆ ಏನಾಯ್ತು? ಆ ಪ್ರವಾಸ ನಡೆಯಲೇ ಇಲ್ಲ. ಆದರೆ ಈಸ್ಟ್‌ಮನ್ ಅವರು ಆ ಸಾಮಾನನ್ನು ಅಟ್ಟದ ಮೇಲೆ ಎಸೆದು ಸುಮ್ಮನಾಗಲಿಲ್ಲ. ಒಬ್ಬ ಮನುಷ್ಯ ಊರು ನೋಡಲು ಹೋಗಬೇಕಾದರೆ ಕತ್ತೆಗೆ ಆಗುವಷ್ಟು ಹೊರೆ ಯಾಕೆ ಹೊರಬೇಕು ಎಂಬ ಪ್ರಶ್ನೆ ಅವರ ತಲೆಯಲ್ಲಿ ಕೂತುಬಿಟ್ಟಿತು.

ಇಂಗ್ಲೆಂಡಿನಲ್ಲಿ ಕೆಲವರು ಜೆಲಟಿನ್ ಸವರಿದ ಒಣ ಗಾಜು ತಯಾರಿಸುತ್ತಿದ್ದಾರೆ ಅಂತ ಅವರು ಪತ್ರಿಕೆಯಲ್ಲಿ ಓದಿದರು. ಒಣ ಗಾಜಾದರೆ ಡೇರೆ ಬೇಡ, ನೀರು ಬೇಡ, ಮೊದಲೇ ಮಾಡಿಟ್ಟುಕೊಳ್ಳಬಹುದು. ಹಗಲು ಬ್ಯಾಂಕಿನ ಕೆಲಸ, ರಾತ್ರಿ ತಾಯಿಯ ಅಡಿಗೆಮನೆಯಲ್ಲಿ ಪ್ರಯೋಗ. ಎಷ್ಟೋ ದಿನ ಬಟ್ಟೆ ಕೂಡ ಬದಲಾಯಿಸದೆ ಒಲೆಯ ಪಕ್ಕದಲ್ಲೇ ಮಲಗಿಬಿಡುತ್ತಿದ್ದರು. ಗಾಜಿಗೆ ಸಮನಾಗಿ ಸವರುವ ಯಂತ್ರ ಮಾಡಿ 1879ರಲ್ಲಿ ಇಂಗ್ಲೆಂಡಿನಲ್ಲಿ, 1880ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದರು. ಹೆನ್ರಿ ಸ್ಟ್ರಾಂಗ್ ಎಂಬುವರು ಬಂಡವಾಳ ಹಾಕಿದರು. 1881ರಲ್ಲಿ ಬ್ಯಾಂಕಿನ ಕೆಲಸ ಬಿಟ್ಟರು.

ಬಿಟ್ಟ ಮೇಲೆ ಸುಖ ಬಂತು ಅಂದುಕೊಳ್ಳಬೇಡಿ. 1882ರಲ್ಲಿ ಗಾಜುಗಳು ಕೆಟ್ಟವು. ಕೊಂಡವರೆಲ್ಲ ದೂರು ಹೇಳಿದರು. ಈಸ್ಟ್‌ಮನ್ ಮಾರಿದ ಗಾಜುಗಳನ್ನು ವಾಪಸು ತೆಗೆದುಕೊಂಡು ಹೊಸದು ಕೊಟ್ಟರು. ಕೈಯಲ್ಲಿದ್ದ ದುಡ್ಡೆಲ್ಲ ಹೋಯಿತು, ಹೆಸರು ಉಳಿಯಿತು. ಜೆಲಟಿನ್‌ನಲ್ಲೇ ಏನೋ ವ್ಯತ್ಯಾಸ ಇದೆ ಅಂತ ಆಮೇಲೆ ಪತ್ತೆಯಾಯಿತು. ಜೆಲಟಿನ್ ಅಂದರೆ ದನದ ಚರ್ಮ, ಮೂಳೆ ಬೇಯಿಸಿ ತೆಗೆಯುವ ಅಂಟು. ಇದರ ಗುಟ್ಟು ಸುಮಾರು ನಲವತ್ತು ವರ್ಷ ಕಳೆದ ಮೇಲೆ ಅವರದೇ ಕಂಪನಿಯ ವಿಜ್ಞಾನಿಗಳಿಗೆ ತಿಳಿಯಿತು. ದನಗಳು ಸಾಸಿವೆ ಜಾತಿಯ ಗಿಡ ಮೇದಿದ್ದರೆ ಅದರಲ್ಲಿನ ಗಂಧಕದ ಅಂಶ ಜೆಲಟಿನ್‌ಗೆ ಸೇರಿ ಫಿಲಂ ಬೆಳಕಿಗೆ ಚುರುಕಾಗುತ್ತದಂತೆ! ದನ ಮೇಯಿಸೋ ನಮಗೂ ಫೋಟೋಗೂ ಸಂಬಂಧ ಇದೆ ನೋಡಿ.

ಡೇರೆ ಹೋಯಿತು, ಇನ್ನು ಗಾಜು ಉಳಿಯಿತು. ಗಾಜು ಭಾರ, ಬಿದ್ದರೆ ಚೂರು. ಅದಕ್ಕೆ ಕಾಗದವನ್ನೇ ಸುರುಳಿ ಸುತ್ತಿ ಕ್ಯಾಮೆರಾದೊಳಗೆ ಇಡುವ ಉಪಾಯ ಮಾಡಿದರು. 1888ರಲ್ಲಿ ಕೊಡಾಕ್ ಕ್ಯಾಮೆರಾ ಬಂತು. ಕೊಡಾಕ್ ಎಂಬ ಪದಕ್ಕೆ ಯಾವ ಅರ್ಥವೂ ಇಲ್ಲ. ಈಸ್ಟ್‌ಮನ್ ಅವರಿಗೆ ಇಂಗ್ಲಿಷಿನ ಕೆ ಅಕ್ಷರ ಇಷ್ಟ. ಚಿಕ್ಕದಾಗಿರಬೇಕು, ಯಾವ ದೇಶದವರೂ ತಪ್ಪು ಹೇಳಬಾರದು ಅಂತ ಅವರೇ ಕಟ್ಟಿದ ಪದ.

ಆ ಪೆಟ್ಟಿಗೆ ಸುಮಾರು ಆರೂವರೆ ಇಂಚು ಉದ್ದ. ಕೈಯಲ್ಲಿ ಹಿಡಿದುಕೊಂಡು ಹೋಗಬಹುದು. ಒಂದು ದಾರ ಎಳೆಯುವುದು, ಗುಂಡಿ ಒತ್ತುವುದು, ಕೀಲಿ ತಿರುಗಿಸುವುದು, ಇಷ್ಟೇ ಕೆಲಸ. ಒಳಗೆ 100 ಫೋಟೋಗಳಿಗೆ ಸಾಕಾಗುವ ಸುರುಳಿ. ಎಲ್ಲ ತೆಗೆದಾದ ಮೇಲೆ ಕ್ಯಾಮೆರಾನೇ ರಾಚೆಸ್ಟರ್‌ಗೆ ಕಳಿಸಿದರೆ 10 ಡಾಲರ್‌ಗೆ ಫೋಟೋ ತೊಳೆದು, ಹೊಸ ಸುರುಳಿ ತುಂಬಿ ವಾಪಸು ಕಳಿಸುತ್ತಿದ್ದರು.

ಇಲ್ಲಿ ಒಂದು ವಿಷಯ ನನಗೆ ಬಹಳ ಹಿಡಿಸಿತು. ಕೊಡಾಕ್ ಚಿಕ್ಕದಾಗಲು ಎಷ್ಟೋ ಬಿಟ್ಟುಕೊಡಬೇಕಾಯಿತು. ಫೋಟೋ ಬರೀ ಎರಡೂವರೆ ಇಂಚಿನ ದುಂಡನೆಯದು. ಕಣ್ಣಿಟ್ಟು ನೋಡುವ ಕಿಂಡಿ ಇಲ್ಲ, ಮೇಲಿದ್ದ ಗೆರೆ ನೋಡಿ ಗುರಿ ಇಡಬೇಕು. ಲೆನ್ಸನ್ನು ಹಿಂದೆ ಮುಂದೆ ಮಾಡುವ ಹಾಗಿಲ್ಲ. ಬಿಸಿಲಿಲ್ಲದಿದ್ದರೆ ಫೋಟೋ ಬರದು. ಸ್ಟುಡಿಯೋದ ದೊಡ್ಡ ಕ್ಯಾಮೆರಾ ಮುಂದೆ ಇಟ್ಟರೆ ಇದು ಸೋತಂತೆಯೇ. ಆದರೆ ದೊಡ್ಡ ಕ್ಯಾಮೆರಾ ಹೋಗಲಾಗದ ಬೆಟ್ಟ, ಕಡಲದಂಡೆ, ಹಡಗು, ಜಾತ್ರೆಗೆ ಇದು ಹೋಯಿತು. ಏನನ್ನು ಬಿಟ್ಟರೆ ನಡೆಯುತ್ತೆ, ಏನನ್ನು ಬಿಟ್ಟರೆ ನಡೆಯಲ್ಲ ಅಂತ ಆರಿಸಿದ್ದೇ ಅವರ ಜಾಣತನ.

ಮೊದಲ ಕೊಡಾಕ್ ಬೆಲೆ 25 ಡಾಲರ್. ಈಸ್ಟ್‌ಮನ್ ಅವರೇ ಹುಡುಗನಾಗಿದ್ದಾಗ ಪಡೆದ ಎಂಟು ವಾರದ ಸಂಬಳಕ್ಕಿಂತ ಜಾಸ್ತಿ. ಬಡವರಿಗೆ ಎಟುಕದು. 1889ರಲ್ಲಿ ಕಾಗದದ ಬದಲು ಪಾರದರ್ಶಕ ಫಿಲಂ ಬಂತು. ಎಡಿಸನ್ ಅವರ ಚಲನಚಿತ್ರ ಪ್ರಯೋಗಗಳಿಗೂ ಅದೇ ಬೇಕಾಯಿತು. 1900ರಲ್ಲಿ ಬ್ರೌನಿ ಎಂಬ ಕ್ಯಾಮೆರಾ ಬಂತು. ಬೆಲೆ 1 ಡಾಲರ್, ಫಿಲಂಗೆ 15 ಸೆಂಟ್. ಅದನ್ನು ಮಾಡಿದ್ದೇ ಮಕ್ಕಳಿಗಾಗಿ. 1912ರಲ್ಲಿ ಅಂಗಿಜೇಬಿನಲ್ಲಿ ಹಿಡಿಸುವ ಮಡಿಸುವ ಕ್ಯಾಮೆರಾ ಬಂತು. ಮೊದಲನೇ ಮಹಾಯುದ್ಧದಲ್ಲಿ ಸಾವಿರಾರು ಸೈನಿಕರು ಅದನ್ನು ಜೊತೆಯಲ್ಲಿ ಒಯ್ದರು.

ಅವರ ಜೀವನದಲ್ಲಿ ಎಲ್ಲವೂ ಒಳ್ಳೆಯದೇ ಅಂತ ಬರೆದರೆ ಸುಳ್ಳಾಗುತ್ತೆ. ಹ್ಯಾನಿಬಲ್ ಗುಡ್‌ವಿನ್ ಎಂಬ ಪಾದ್ರಿ ಅಂಥದೇ ಫಿಲಂಗೆ 1887ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದರು. ಕೋರ್ಟಿನಲ್ಲಿ ಈಸ್ಟ್‌ಮನ್ ಕಂಪನಿ ಸೋತು, 1914ರಲ್ಲಿ 50 ಲಕ್ಷ ಡಾಲರ್ ಕೊಡಬೇಕಾಯಿತು. ಆದರೆ ಅಷ್ಟು ಹೊತ್ತಿಗೆ ಆ ಪಾದ್ರಿ ತೀರಿಕೊಂಡಿದ್ದರು.

ಈಸ್ಟ್‌ಮನ್ ಮದುವೆ ಆಗಲಿಲ್ಲ. ಗಳಿಸಿದ ಕೋಟ್ಯಂತರ ಡಾಲರ್ ದಾನ ಮಾಡಿದರು. ಎಂಐಟಿ ಎಂಬ ದೊಡ್ಡ ವಿದ್ಯಾಸಂಸ್ಥೆಗೆ ಸ್ಮಿತ್ ಎಂಬ ಸುಳ್ಳು ಹೆಸರಿನಲ್ಲಿ ಹಣ ಕೊಟ್ಟರು. 1920ರವರೆಗೂ ಆ ಸ್ಮಿತ್ ಯಾರು ಅಂತ ಜನಕ್ಕೆ ಗೊತ್ತಾಗಲಿಲ್ಲ. ಮಕ್ಕಳಿಗೆ ಹಲ್ಲಿನ ಆಸ್ಪತ್ರೆ, ಸಂಗೀತ ಶಾಲೆ ಕಟ್ಟಿಸಿದರು. ಶಾಲೆ ಬಿಟ್ಟ ಹುಡುಗ ಎಷ್ಟೋ ಜನರ ಓದಿಗೆ ಆಸರೆಯಾದರು.

ಕೊನೆಗಾಲದಲ್ಲಿ ಬೆನ್ನುಹುರಿಯ ಕಾಯಿಲೆಯಿಂದ ನಡೆಯುವುದೂ ಕಷ್ಟವಾಯಿತು. 1932ರ ಮಾರ್ಚ್ 14ರಂದು, 77ನೇ ವಯಸ್ಸಿನಲ್ಲಿ, ತಾವೇ ತಮ್ಮ ಜೀವ ಕಳೆದುಕೊಂಡರು. ಇದನ್ನು ಬರೆಯಬೇಕೋ ಬೇಡವೋ ಅಂತ ಮೇಡಂ ಅವರನ್ನು ಕೇಳಿದೆ. ನಿಜವನ್ನು ಮುಚ್ಚಿಡಬೇಡ, ಆದರೆ ನೋವು ಬಂದಾಗ ಅದು ದಾರಿಯಲ್ಲ, ಹತ್ತಿರದವರಿಗೆ ಹೇಳಿಕೊಳ್ಳಬೇಕು ಅಂತಲೂ ಬರಿ ಅಂದರು. ಲೋಕದ ಜನರ ಹೊರೆ ಇಳಿಸಿದವರ ಹೊರೆ ಯಾರಿಗೂ ಕಾಣಿಸಲಿಲ್ಲವೇನೋ ಅಂತ ನನಗೆ ಅವತ್ತು ರಾತ್ರಿ ಬಹಳ ಬೇಜಾರಾಯಿತು.

ಈಗ ಫಿಲಂ ಸುರುಳಿ ಅಪರೂಪ. 1975ರಲ್ಲಿ ಅದೇ ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಎಂಬ ಎಂಜಿನಿಯರು ಫಿಲಂ ಇಲ್ಲದ ಡಿಜಿಟಲ್ ಕ್ಯಾಮೆರಾ ಮಾಡಿದರು. ಅದರ ತೂಕ ಮೂರೂವರೆ ಕಿಲೋಗಿಂತ ಹೆಚ್ಚು! ಅದೂ ಇಳಿದು ಇಳಿದು ಇವತ್ತು ಮೇಡಂ ಅವರ ಅಂಗೈ ಕ್ಯಾಮೆರಾ ಆಗಿದೆ.

ಈಗ ನಮ್ಮ ಪ್ರವಾಸದ ವಿಷಯಕ್ಕೆ ಬರುತ್ತೇನೆ. ಈ ಪುಸ್ತಕ ಓದಿದ ಮೇಲೆ ಚಿಕ್ಕ ಕ್ಯಾಮೆರಾನೇ ಸರಿ ಅಂತ ನನಗೆ ಅನ್ನಿಸಿದೆ. ದೇವಸ್ಥಾನದ ಒಳಗಿನ ಮಬ್ಬು ಬೆಳಕಿಗೆ, ಮದುವೆ ಮನೆಗೆ ಮಾವನ ದೊಡ್ಡ ಕ್ಯಾಮೆರಾನೇ ಮೇಲು. ಅದರ ದೊಡ್ಡ ಲೆನ್ಸು ಹೆಚ್ಚು ಬೆಳಕು ಒಳಗೆ ಬಿಡುತ್ತೆ, ಅದನ್ನು ನಾನು ಅಲ್ಲಗಳೆಯಲ್ಲ. ಆದರೆ ನಾವು ಹೋಗುತ್ತಿರುವುದು ಬಿಸಿಲಿನ ಕೋಟೆಗೆ. ಬಂಡೆ ಹತ್ತಬೇಕು, ಓಬವ್ವನ ಕಿಂಡಿ ನೋಡಬೇಕು, ಎರಡು ಕೈಯೂ ಬಿಡುವಾಗಿರಬೇಕು. ಚಿಕ್ಕದು ಅಂತ ಯಾವುದಾದರೂ ಸಾಕು ಅಂತಲ್ಲ. ನಲವತ್ತು ಜನ ಒಂದೇ ಫೋಟೋದಲ್ಲಿ ಹಿಡಿಸಬೇಕು, ದೂರದ ಬುರುಜನ್ನು ಹತ್ತಿರಕ್ಕೆ ಎಳೆಯಬೇಕು, ಬ್ಯಾಟರಿ ಸಂಜೆವರೆಗೂ ಬರಬೇಕು. ಮೇಡಂ ಅವರ ಕ್ಯಾಮೆರಾದಲ್ಲಿ ಈ ಮೂರೂ ಇವೆ, ಇನ್ನೊಂದು ಬ್ಯಾಟರಿಯೂ ಇದೆ. ಕೈ ನಡುಗಿದರೆ ಕಲ್ಲಿನ ಗೋಡೆ ಮೇಲೆ ಇಟ್ಟು ತೆಗೆಯೋಣ, ಸ್ಟ್ಯಾಂಡು ಬೇಡ. ಹೋಗುವ ಮೊದಲು ಶಾಲೆಯ ಅಂಗಳದಲ್ಲೇ ಇಬ್ಬರು ಅಭ್ಯಾಸ ಮಾಡಿಕೊಂಡರೆ ಆಯಿತು.

ನಿವೃತ್ತರಾದ ಕನ್ನಡ ಮೇಷ್ಟ್ರು ಈಗ ಮಗನ ಊರಿನಲ್ಲಿದ್ದಾರೆ. ಈ ಸಲ ನಮ್ಮ ಜೊತೆ ಬನ್ನಿ ಅಂತ ಹೆಡ್ಮೇಷ್ಟ್ರ ಅಪ್ಪಣೆ ಪಡೆದು ಕಾಗದ ಹಾಕಿದ್ದೇನೆ. ಅವರು ಬಂದರೆ ಕೋಟೆಯ ಮೇಲೆ ಅವರನ್ನು ಮಧ್ಯದಲ್ಲಿ ಕೂರಿಸಿ ಮೊದಲ ಫೋಟೋ ತೆಗೆಯೋಣ. ಮೇಲಕ್ಕೆ ಹತ್ತದ ದೊಡ್ಡ ಕ್ಯಾಮೆರಾಗಿಂತ ನಮ್ಮ ಜೊತೆ ಹತ್ತುವ ಚಿಕ್ಕ ಕ್ಯಾಮೆರಾ ಲೇಸು. ಶನಿವಾರದ ಸಭೆಯಲ್ಲಿ ಕೈ ಎತ್ತುವ ಮೊದಲು ಎಲ್ಲರೂ ಇದನ್ನು ಯೋಚಿಸಬೇಕಾಗಿ ವಿನಂತಿ.


9ನೇ ತರಗತಿ, ಕೊನೆಯ ಬೆಂಚು