ಡಾಕ್ಟರ್ ಲೆಸ್ಲಿ ಕೋಲ್ಮನ್ ಮಹನೀಯರು

ಮಾವಿನ ಕೊಂಬೆಯಲ್ಲಿ ಬೇರೂರಿ, ಅದರ ರಸವನ್ನೇ ಹೀರಿ ಬಾಳುವ ಬಂದಳಿಕೆಯನ್ನು ನಾವೆಲ್ಲರೂ ಕಂಡಿದ್ದೇವೆ. ಹೀಗೆ ಅನ್ಯಜೀವಿಯನ್ನಾಶ್ರಯಿಸಿ ಅದಕ್ಕೇ ಕೇಡನ್ನುಂಟುಮಾಡುವ ಜೀವಿಗಳಿಗೆ ಪರೋಪಜೀವಿಗಳೆಂದು ಹೆಸರು. ಕಣ್ಣಿಗೆ ಕಾಣದ ಅಂತಹುದೊಂದು ಪರೋಪಜೀವಿಯಿಂದ ಅಡಿಕೆಯ ತೋಟಗಳನ್ನು ಕಾಪಾಡುವ ಮಾರ್ಗವನ್ನು ತೋರಿದ ಕೋಲ್ಮನ್ ಮಹನೀಯರ ಚರಿತ್ರೆಯನ್ನು ಸಂಗ್ರಹವಾಗಿ ಹೇಳಬಯಸುತ್ತೇವೆ.

ಕೆನಡಾ ದೇಶದ ಒಂಟೇರಿಯೊ ಪ್ರಾಂತದಲ್ಲಿ 1878ರಲ್ಲಿ ಜನಿಸಿದ ಇವರು, ಟೊರಾಂಟೊದಲ್ಲಿಯೂ ಜರ್ಮನಿಯಲ್ಲಿಯೂ ವ್ಯಾಸಂಗ ಮಾಡಿ, 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದರು. ಸಸ್ಯಗಳಿಗೆ ತಗಲುವ ಕೀಟಗಳನ್ನೂ ರೋಗಗಳನ್ನೂ ಪರೀಕ್ಷಿಸುವುದು ಇವರ ಕಾರ್ಯವಾಗಿದ್ದಿತು.

ಆ ಕಾಲದಲ್ಲಿ ಮಲೆನಾಡಿನ ತೋಟಗಾರರಿಗೆ ಕೊಳೆರೋಗವೇ ಮಹಾಭಯವಾಗಿದ್ದಿತು. ಮಳೆಗಾಲದಲ್ಲಿ ಎಳೆಯ ಕಾಯಿಗಳು ಕೊಳೆತು ರಾಶಿಯಾಗಿ ಉದುರುತ್ತಿದ್ದುವು. ರೋಗವು ಸುಳಿಗೆ ಇಳಿದರೆ ಮರವೇ ಸಾಯುತ್ತಿದ್ದಿತು. ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುವುದು ಹಿರಿಯರ ಪದ್ಧತಿ. ಫೈಟಾಫ್ತೊರವೆಂಬ ಪರೋಪಜೀವಿಯೇ ಈ ರೋಗಕ್ಕೆ ಕಾರಣವೆಂಬುದನ್ನು ಕೋಲ್ಮನ್ನರು ವಿವರಿಸಿ, 1910ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಈ ಜೀವಿಯ ಬೀಜಕಣಗಳು ಮಳೆಯ ಹನಿಗಳೊಡನೆ ಸಿಡಿದು, ಕಾಯಿಯ ಮೇಲಣ ನೀರಿನಲ್ಲಿ ಈಜಿ ಒಳಹೊಗುವುವು. ಆದುದರಿಂದಲೇ ತರೀಕೆರೆಯ ಪಶ್ಚಿಮಕ್ಕಿರುವ ಮಲೆನಾಡಿನಲ್ಲಿ ಇದರ ಹಾವಳಿ ಅಧಿಕ. ಮಳೆ ಕಡಮೆಯಾದ ಕಡೂರು ಅಜ್ಜಂಪುರಗಳ ಬಯಲುಸೀಮೆಯಲ್ಲಿ ಅಲ್ಪ.

ಒಳಹೊಕ್ಕ ವೈರಿಯನ್ನು ಹೊರದೂಡುವುದು ಕಷ್ಟ. ಬಾಗಿಲಲ್ಲೇ ತಡೆಯುವುದು ಸುಲಭ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಿಂದ ಬಳಕೆಗೆ ಬಂದ ಬೋರ್ಡೋ ದ್ರಾವಣವನ್ನು ಇವರು ಅಡಿಕೆಗೆ ಅನ್ವಯಿಸಿದರು. ಮೈಲುತುತ್ತವನ್ನೂ ಸುಣ್ಣವನ್ನೂ ನೀರಿನಲ್ಲಿ ಬೆರೆಸಿ, ಮಳೆ ಹಿಡಿಯುವ ಮೊದಲೇ ಗೊನೆಗಳಿಗೆ ಸಿಂಪಡಿಸಿದರೆ, ತಾಮ್ರದ ಅಂಶವು ಬೀಜಕಣಗಳನ್ನು ನಾಶಪಡಿಸುವುದು. ಇಂದಿಗೂ ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣವನ್ನು ಸೇರಿಸಿ, ಸುಮಾರು 40-45 ದಿನಗಳ ತರುವಾಯ ಮತ್ತೊಮ್ಮೆ ಸಿಂಪಡಿಸುವ ವಾಡಿಕೆಯುಂಟು.

ಮುಂದೆ ಇವರು ಕೃಷಿ ಇಲಾಖೆಯ ನಿರ್ದೇಶಕರಾದರು. 1913ರಲ್ಲಿ ಹೆಬ್ಬಾಳದ ಕೃಷಿ ಶಾಲೆಯೂ, 1925ರಲ್ಲಿ ಆಗಿನ ಕಡೂರು ಜಿಲ್ಲೆಯ ಬಾಳೆಹೊನ್ನೂರಿನ ಸಮೀಪದಲ್ಲಿ ಕಾಫಿ ಸಂಶೋಧನಾ ಕೇಂದ್ರವೂ ಇವರ ಪ್ರಯತ್ನದಿಂದ ಸ್ಥಾಪಿತವಾದುವು. 1934ರಲ್ಲಿ ನಿವೃತ್ತರಾಗಿ, 1954ರಲ್ಲಿ ಕಾಲವಾದರು.

ಪರದೇಶದಿಂದ ಬಂದ ಈ ಪಂಡಿತರು ಕೊಳೆತು ಬಿದ್ದ ಕಾಯಿಯನ್ನು ಕೈಗೆತ್ತಿಕೊಂಡು ಸೂಕ್ಷ್ಮವಾಗಿ ನೋಡಿದರು. ಅದರಿಂದ ಅಸಂಖ್ಯ ಕುಟುಂಬಗಳ ಅನ್ನ ಉಳಿಯಿತು. ಕೇಡು ಕಾಣಿಸಿದ ಮೇಲೆ ಮರುಗುವುದಕ್ಕಿಂತ, ಅದು ಬರುವ ದಾರಿಯನ್ನರಿತು ಮುಂಚೆಯೇ ಎಚ್ಚರಗೊಳ್ಳುವುದು ಮೇಲೆಂಬುದನ್ನು ನಮ್ಮ ಹೆಣ್ಣುಮಕ್ಕಳು ಈ ಮಹನೀಯರಿಂದ ಕಲಿಯಲೆಂದು ಹಾರೈಸುತ್ತೇವೆ.