ಹೊಲದ ಲೆಕ್ಕವನ್ನು ಕಲಿಸಿದ ಫಿಶರ್

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಒಂದೇ ಹೊಲದ ಒಂದು ಮೂಲೆ ಆಳವಾದ ಎರೆಯಾಗಿದ್ದರೆ ಇನ್ನೊಂದು ಮೂಲೆ ಮಡ್ಡಿಯಾಗಿರುವದು ವಾಚಕರಿಗೆ ತಿಳಿದ ಮಾತೇ. ಎರೆಯಲ್ಲಿ ಹೊಸ ಜೋಳವನ್ನೂ ಮಡ್ಡಿಯಲ್ಲಿ ಹಳೆಯ ಜೋಳವನ್ನೂ ಬಿತ್ತಿ, ಹೊಸದೇ ಹೆಚ್ಚು ಬೆಳೆಯಿತೆಂದು ವರದಿ ಬರೆದರೆ ಅದು ಬೀಜದ ಗುಣವೋ, ನೆಲದ ಗುಣವೋ? ಆ ವರದಿಯನ್ನು ನಂಬಿದ ರೈತನ ಹಿಂಗಾರಿಯು ಕೆಟ್ಟರೆ ಅದನ್ನು ತುಂಬಿಕೊಡುವವರಾರು? 1933ರಲ್ಲಿ ವಿಜಾಪುರದಲ್ಲಿ ಒಣಬೇಸಾಯದ ಸಂಶೋಧನ ಕೇಂದ್ರವು ಸ್ಥಾಪಿತವಾಗುವ ಹೊತ್ತಿಗೆ ಈ ಪ್ರಶ್ನೆಯನ್ನು ಬಿಡಿಸುವ ಶಾಸ್ತ್ರವು ಸಿದ್ಧವಾಗಿತ್ತು. ಅದನ್ನು ರೂಪಿಸಿದವರಲ್ಲಿ ಅಗ್ರಗಣ್ಯರಾದ ರೊನಾಲ್ಡ್ ಫಿಶರರ ಚರಿತ್ರೆಯನ್ನು ಸಂಕ್ಷೇಪವಾಗಿ ನಿವೇದಿಸುತ್ತೇವೆ.

ಫಿಶರರು 1890ರ ಫೆಬ್ರುವರಿ 17ರಂದು ಲಂಡನ್ನಿನಲ್ಲಿ ಜನಿಸಿದರು. ದೃಷ್ಟಿಮಾಂದ್ಯದ ಮೂಲಕ ದೀಪದ ಬೆಳಕಿನಲ್ಲಿ ಓದುವದು ನಿಷಿದ್ಧವಾಗಿ, ಕಾಗದವಿಲ್ಲದೆ ಮನಸ್ಸಿನಲ್ಲಿಯೇ ಗಣಿತವನ್ನು ಬಿಡಿಸುವ ಅಭ್ಯಾಸವು ಅವರಿಗಾಯಿತು. ಕೇಂಬ್ರಿಜ್ಜಿನಲ್ಲಿ ಕಲಿತರು. ಮೊದಲನೆಯ ಮಹಾಯುದ್ಧದಲ್ಲಿ ಸೈನ್ಯವು ಅದೇ ಕಣ್ಣುಗಳ ದೆಸೆಯಿಂದ ಅವರನ್ನು ನಿರಾಕರಿಸಲು, ಶಾಲಾಮಾಸ್ತರರಾದರು. 1919ರಲ್ಲಿ ರೊಥಾಮ್‌ಸ್ಟೆಡ್ ಎಂಬಲ್ಲಿಯ ಕೃಷಿ ಸಂಶೋಧನಾಲಯವನ್ನು ಸೇರಿದರು. 1843ರಿಂದ ನಡೆದುಬಂದ ಪ್ರಯೋಗಗಳ ಅಂಕಿಗಳು ಅಲ್ಲಿ ರಾಶಿಬಿದ್ದಿದ್ದವು.

ಕೆಟ್ಟ ಪ್ರಯೋಗವನ್ನು ಸುಗ್ಗಿಯ ತರುವಾಯ ಯಾವ ಲೆಕ್ಕವೂ ಸರಿಪಡಿಸಲಾರದೆಂದೂ, ಲೆಕ್ಕವು ಬಿತ್ತುವ ಮೊದಲೇ ಆರಂಭವಾಗಬೇಕೆಂದೂ ಅವರು ಅಲ್ಲಿ ಮನಗಂಡರು. ಒಂದೇ ತೆರನಾದ ನೆಲವುಳ್ಳ ಪಟ್ಟಿಗಳಾಗಿ ಹೊಲವನ್ನು ವಿಭಾಗಿಸಿ, ಪ್ರತಿ ಪಟ್ಟಿಯಲ್ಲಿಯೂ ಎಲ್ಲ ತಳಿಗಳನ್ನು ಬಿತ್ತಬೇಕು. ಯಾವ ತುಂಡಿಗೆ ಯಾವ ತಳಿಯೆಂಬುದನ್ನು ಚೀಟಿ ಎತ್ತಿದಂತೆ ನಿಶ್ಚಯಿಸಬೇಕು. ಅಧಿಕಾರಿಯ ಇಷ್ಟಾನಿಷ್ಟಗಳಿಗೆ ಅಲ್ಲಿ ಎಡೆಯಿಲ್ಲ. ಬೆಳೆ ಬಂದ ಮೇಲೆ ಇಳುವರಿಯ ಏರಿಳಿತದಲ್ಲಿ ನೆಲದ ಪಾಲೆಷ್ಟು, ತಳಿಯ ಪಾಲೆಷ್ಟು, ಆಕಸ್ಮಿಕದ ಪಾಲೆಷ್ಟು ಎಂದು ಬೇರೆಬೇರೆ ತೂಗಬೇಕು. ತಳಿಗಳಲ್ಲಿ ವಸ್ತುತಃ ಭೇದವೇ ಇಲ್ಲದಿದ್ದರೂ ಇಷ್ಟು ಅಂತರವು ದೈವವಶಾತ್ ಕಾಣುವ ಸಂಭವವು 20ರಲ್ಲಿ 1ಕ್ಕಿಂತ ಕಡಿಮೆಯಾದರೆ ಮಾತ್ರ ಅದು ಗಮನಾರ್ಹ. ಈ ಇಪ್ಪತ್ತರ ಕಟ್ಟನ್ನು ಅನೇಕರು ಸರಕಾರಿ ಹುಕುಮಿನಂತೆ ಹಿಡಿದು ಕುಳಿತಿರುವರು. ಒಂದೇ ಪ್ರಯೋಗವನ್ನು ನೆಚ್ಚದೆ ಮತ್ತೆಮತ್ತೆ ಮಾಡಿ ನೋಡಬೇಕೆಂಬ ಅವರ ಆಗ್ರಹವನ್ನು ಮರೆತಿರುವರು.

1925 ಮತ್ತು 1935ರಲ್ಲಿ ಪ್ರಕಟವಾದ ಅವರ ಎರಡು ಗ್ರಂಥಗಳು ಜೀವಶಾಸ್ತ್ರದ ಪ್ರಯೋಗಶಾಲೆಗಳಿಗೆಲ್ಲ ಕೈಪಿಡಿಗಳಾದವು. 1938ರ ಜನವರಿಯಲ್ಲಿ ಕಲಕತ್ತೆಯಲ್ಲಿ ಕೂಡಿದ ಪ್ರಥಮ ಭಾರತೀಯ ಸಂಖ್ಯಾಶಾಸ್ತ್ರ ಪರಿಷತ್ತಿಗೆ ಅವರೇ ಅಧ್ಯಕ್ಷರು. ಮಹಾಲನೋಬಿಸರ ಸ್ನೇಹದಿಂದ ಅನಂತರವೂ ಹಲವು ಸಲ ನಮ್ಮ ದೇಶಕ್ಕೆ ಬಂದರು.

ಅವರ ದೋಷಗಳನ್ನು ಮರೆಮಾಚುವದು ನಮಗೆ ಸಮ್ಮತವಲ್ಲ. ಉತ್ತಮ ಕುಲ, ಅಧಮ ಕುಲವೆಂದು ಮನುಷ್ಯಸಂತತಿಯನ್ನು ಆರಿಸುವ ವಾದವನ್ನು ಅವರು ಎತ್ತಿಹಿಡಿದರು. ಹೊಗೆಸೊಪ್ಪಿನಿಂದ ಶ್ವಾಸಕೋಶದ ಅರ್ಬುದವಾಗುವದೆಂಬ ಪ್ರಮಾಣಗಳನ್ನು ವೃದ್ಧಾಪ್ಯದಲ್ಲಿ ಅಲ್ಲಗಳೆದರು. ಆಗ ಅವರು ಹೊಗೆಸೊಪ್ಪಿನ ವ್ಯಾಪಾರಿಗಳ ಸಲಹೆಗಾರರಾಗಿದ್ದರು, ಸ್ವತಃ ಚಿಲುಮೆ ಸೇದುತ್ತಿದ್ದರು. ಪರರ ಪಕ್ಷಪಾತಕ್ಕೆ ಚೀಟಿಯ ಕಡಿವಾಣವನ್ನು ಹಾಕಿದವರು ಇಲ್ಲಿ ತಮ್ಮದನ್ನು ಬಿಗಿಹಿಡಿಯಲಿಲ್ಲ.

1952ರಲ್ಲಿ ಅವರಿಗೆ ಸರ್ ಪದವಿಯು ದೊರೆಯಿತು. 1962ರ ಜುಲೈ 29ರಂದು ಆಸ್ಟ್ರೇಲಿಯದ ಅಡಿಲೇಡಿನಲ್ಲಿ ದಿವಂಗತರಾದರು. 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ ಜನಿಸಿ, ಈ ಶಾಸ್ತ್ರದಲ್ಲಿ ಜಗದ್ವಿಖ್ಯಾತರಾದ ಸಿ. ಆರ್. ರಾವ್ ಅವರು 1948ರಲ್ಲಿ ಕೇಂಬ್ರಿಜ್ಜಿನ ಡಾಕ್ಟರ್ ಪದವಿಯನ್ನು ಪಡೆದದ್ದು ಇದೇ ಫಿಶರರ ಕೈಕೆಳಗೆ.